ಅಜ್ಜಿಯ ಸ್ಕ್ಯಾನಿಂಗ್ ಆದ ಮೇಲೆ

ರಾಂಪುರ
ಸೋಮವಾರ, 14-7-2025

ಪ್ರೀತಿಯ ರಶ್ಮಿತಾ,

ಹೇಗಿದ್ದೀಯಮ್ಮ? ನೆಗಡಿ ಹೋಯಿತೇ? ಹಾಸ್ಟೆಲ್ಲಿನ ಮುದ್ದೆ ಸೇರುವುದಿಲ್ಲವೆಂದು ಮುಖ ಊದಿಸಿಕೊಂಡು ಕೂರಬೇಡ, ಹೊಟ್ಟೆ ತುಂಬ ಉಣ್ಣು. ನಾನು, ಅಪ್ಪ ಚೆನ್ನಾಗಿದ್ದೇವೆ. ಅಜ್ಜಿಯ ವಿಷಯ ಹೇಳಲೆಂದೇ ಈ ಕಾಗದ ಬರೆಯಲು ಕೂತೆ.

ಅವರಿಗೆ ಚಳಿಜ್ವರ ಬಂದು ಬಂದು ಹೋಗುತ್ತಿತ್ತಲ್ಲ, ಮೂತ್ರದ ತೊಂದರೆ ಇರಬಹುದು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಎಂದು ಡಾಕ್ಟರು ಚಳ್ಳಕೆರೆಗೆ ಕಳಿಸಿದರು. ಅಲ್ಲಿ ಬಾಟಲಿಗಟ್ಟಲೆ ನೀರು ಕುಡಿಸಿ, ಮೂತ್ರಕ್ಕೆ ಹೋಗದೆ ಕೂರಿ ಎಂದರು. ಮೂತ್ರಚೀಲ ತುಂಬಿದರೆ ಚಿತ್ರ ಚೆನ್ನಾಗಿ ಕಾಣುತ್ತದಂತೆ. ಉಳಿದ ಹೆಂಗಸರು ಕೂರಲಾಗದೆ "ಬೇಗ ಕರೀರಿ" ಎಂದು ಗೋಗರೆಯುತ್ತಿದ್ದರೆ, ನಿನ್ನ ಅಜ್ಜಿ ನಮ್ಮ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತ ಹಾಗೆ ಆರಾಮಾಗಿ ಎಲೆಅಡಿಕೆ ಮೆಲ್ಲುತ್ತಿದ್ದರು. ಅವಸರವಾಗುತ್ತಿಲ್ಲವೇ ಎಂದು ನರ್ಸ್ ವಿಚಾರಿಸಿದ್ದಕ್ಕೆ, "ಇಷ್ಟಕ್ಕೇ ಏನ್ ಅವಸರ ತಾಯೀ? ಬೆಳಿಗ್ಗೆ ಅಂಗಡೀಲಿ ಕುಂತ್ರೆ ನಾನು ಏಳೋದೇ ಕತ್ಲಾದ್ಮ್ಯಾಲೆ. ಗಂಡಸರು ತಿರುಗೋ ಬಜಾರ್‌ನಾಗೆ ಎಲ್ಲಿಗೆ ಹೋಗ್ಲಿ?" ಎಂದರು. ನಿಜ ಹೇಳಲೇ? ನನಗೂ ಹೆಮ್ಮೆಯೇ ಆಯಿತು.

ಒಳಗೆ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಾ ಒಂದೇ ಕಡೆ ಮತ್ತೆ ಮತ್ತೆ ಒತ್ತಿ ನೋಡಿದರು. ಅಜ್ಜಿಯನ್ನು ಮೂತ್ರಕ್ಕೆ ಕಳಿಸಿ, ಬಂದ ಮೇಲೆ ಮತ್ತೆ ನೋಡಿದರು. "ಅರ್ಧಕ್ಕಿಂತ ಜಾಸ್ತಿ ಮೂತ್ರ ಹಂಗೇ ಒಳಗೆ ಉಳ್ಕೊಂಡೈತೆ ಕಣ್ರಿ. ಅದು ಹಿಂದಕ್ಕೆ ಒತ್ತಿ ಎರಡೂ ಕಿಡ್ನಿ ಊದ್ಕೊಂಡವೆ" ಎಂದರು. ವರ್ಷಗಟ್ಟಲೆ ತಡೆದು ತಡೆದು ಚೀಲ ಹಿಗ್ಗಿ, ತುಂಬಿದ್ದೇ ತಿಳಿಯದಂತಾಗಿದೆಯಂತೆ. "ಒಂದಿನಾನೂ ನೋಯ್ಲಿಲ್ವಲ್ಲೇ ನಿರ್ಮಲಾ" ಎಂದರು ಅಜ್ಜಿ. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಈಗ ಮೂತ್ರ ಹೋಗಲು ನಳಿಕೆ ಹಾಕಿದ್ದಾರೆ, ಜ್ವರ ಬಿಟ್ಟಿದೆ. ಕಿಡ್ನಿಯ ಊತ ಇಳಿಯಿತೇ ಎಂದು ನೋಡಲು ಮುಂದಿನ ವಾರ ಮತ್ತೆ ಸ್ಕ್ಯಾನಿಂಗ್.

ನಿನ್ನ ತಲೆ ಸವರಿದೆ ಅಂತ ಬರಿ ಎಂದು ಅಜ್ಜಿ ಮಲಗಿದಲ್ಲಿಂದಲೇ ಹೇಳುತ್ತಿದ್ದಾರೆ.

ನಿನ್ನ ಅವ್ವ,
ನಿರ್ಮಲಾ

ತಾ.ಕ.: ಅಪ್ಪ ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದಾರೆ. ಡಾಕ್ಟರು, "ಮನೇಲಿ ಇನ್ಯಾರಾದ್ರೂ ಹಿಂಗೆ ತಡ್ಕೊಂತಾರಾ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅಜ್ಜಿ ನನ್ನ ಕೈ ಹಿಡಿದು, "ಮೊಮ್ಮಗಳು ಅದಾಳೆ. ಸ್ಕೂಲ್ ಕಕ್ಕಸಿಗೆ ಚಿಲಕ ಇಲ್ಲಂತ ಹಗಲೆಲ್ಲ ನೀರೇ ಮುಟ್ಟಲ್ವಂತೆ" ಎಂದುಬಿಟ್ಟರು. ಹೌದೇನೇ? ಈ ಕಾಗದ ತಂದ ಅಪ್ಪ ಹಾಸ್ಟೆಲ್ಲಿನ ಗೇಟಿನ ಹತ್ತಿರ ಕಾಯುತ್ತಿರುತ್ತಾರೆ, ಅವರ ಜೊತೆ ಈಗಲೇ ಹೊರಟು ಬಾ. ನಿನಗೂ ಸ್ಕ್ಯಾನಿಂಗ್ ಮಾಡಿಸಬೇಕು. ಅವರಿಗೆ ಎಲ್ಲ ಹೇಳಿದ್ದೇನೆ, ನಾಚಿಕೊಳ್ಳಬೇಡ. ದಾರಿಯಲ್ಲಿ ಅವಸರವಾದರೆ ಬಸ್ಸು ನಿಲ್ಲಿಸು ಅಂತ ಬಾಯಿಬಿಟ್ಟು ಹೇಳು ಮಗಳೇ.