ಖಾಲಿ ಬೀಕರಿನ ಡಯಾಟಮ್

೧೨ ಜೂನ್ ೧೯೮೭, ಶುಕ್ರವಾರ. ತಾರ್ನಾಕ.

ಸಿಟ್ಟಿಗೆ ಊಟ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕ ಆ ಹುಡುಗಿಯ ಮೂಳೆಮಜ್ಜೆಯಲ್ಲಿ ಡಯಾಟಮ್ ಎಂಬ ನೀರಿನ ಸೂಕ್ಷ್ಮ ಪಾಚಿಗಳು ಸಿಕ್ಕಿವೆಯಂತೆ, ಹಾಗಾಗಿ ಮುಳುಗಿಯೇ ಸತ್ತಳಂತೆ. ನಮ್ಮ ಲ್ಯಾಬಿನ ಅಮರೇಶಪ್ಪ ಸಾಹೇಬರು ರಿಪೋರ್ಟ್ ಬರೆದೇಬಿಟ್ಟಿದ್ದಾರೆ. ಕೊಂದು ನೀರಿಗೆ ಎಸೆದಿದ್ದರೆ ರಕ್ತ ಹರಿಯದೆ ಆ ಪಾಚಿ ಮಜ್ಜೆಯವರೆಗೆ ಹೋಗುವುದಿಲ್ಲ, ನಿಜ. ಆದರೆ ಯಾವ ಜಾತಿಯದು ಎಂದು ನೋಡಬೇಡವೇ? ಬಾವಿಯ ನೀರಿನಲ್ಲಿರುವುದೆಲ್ಲ ದೋಣಿಯಾಕಾರದವು. ಅವಳ ಮಜ್ಜೆಯ ಸ್ಲೈಡಿನಲ್ಲಿ ಬರೀ ದುಂಡನೆಯವು, ಲ್ಯಾಬಿನ ನಲ್ಲಿಯಲ್ಲಿ ಬರುವಂಥವು. ಡಿಸ್ಟಿಲ್ಡ್ ವಾಟರ್ ಮುಗಿದಿದೆ ಎಂದು ಬೀಕರುಗಳನ್ನೆಲ್ಲ ನಲ್ಲಿ ನೀರಿನಲ್ಲಿ ತೊಳೆಸಿದವರು ಇವರೇ.

"ಡಯಾಟಮ್ ಅಂದ್ರ ಡಯಾಟಮ್, ಶಿವದೇವಿ. ದುಂಡಗಿದ್ರೇನು, ಉದ್ದಕಿದ್ರೇನು? ಸುಮ್ಮ ಸಹಿ ಮಾಡ್ರಿ," ಎಂದರು ಸಾಹೇಬರು.

ಒಂದು ಖಾಲಿ ಬೀಕರನ್ನು ಅದೇ ನಲ್ಲಿಯಲ್ಲಿ ತೊಳೆದೆ. ಮಜ್ಜೆ ಕರಗಿಸಲು ಬಳಸಿದ ಅದೇ ಆಸಿಡ್ ಹಾಕಿ ಸ್ಲೈಡ್ ಮಾಡಿ ಅವರ ಮುಂದಿಟ್ಟೆ. ಅದರಲ್ಲೂ ಅವೇ ದುಂಡನೆಯವು.

"ಹಂಗಾದ್ರ ಈ ಬೀಕರೂ ಬಾವ್ಯಾಗ ಬಿದ್ದು ಸತ್ತೈತೇನ್ರಿ ಸರ್?"

ಸಾಹೇಬರು ಎದ್ದು ಚಹಾ ಕುಡಿಯಲು ಹೋದರು. ಕಿಟಕಿಯಿಂದ ನೋಡಿದೆ. ಗೇಟಿನ ಮುಂದೆ ಅವರಿಗೆ ಚಹಾ ಕೊಡಿಸುತ್ತಿದ್ದವನು ಆ ಹುಡುಗಿಯ ಮಾವ, ಗಂಡನ ಅಪ್ಪ.

ನಾನು ಸಹಿ ಮಾಡಿಲ್ಲ. ಮಾಡುವುದೂ ಇಲ್ಲ. ಈಗ ಕೊರೆಯುತ್ತಿರುವುದು ಬೇರೆಯೇ. ಆ ದಿನ ಡಿಸ್ಟಿಲ್ಡ್ ವಾಟರ್ ನಿಜವಾಗಿಯೂ ಮುಗಿದಿತ್ತೇ, ಇಲ್ಲ ಸ್ಲೈಡಿನಲ್ಲಿ ಪಾಚಿ ಸಿಗಲೆಂದೇ ಸಾಹೇಬರು ಸುಳ್ಳು ಹೇಳಿದರೇ?