ಕೆಲಸ ಕೊಡುವವರು ಸಾಲು ನಿಲ್ಲುವ ಊರಿನಿಂದ

ದಾವಣಗೆರೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಪ್ಪತ್ತೊಂದು

ಅಜ್ಜಿ ದುರುಗವ್ವಗೆ ಹಾಲಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಹೊರಗಿಟ್ಟಿದ್ದೇವೆ. ಅವಕ್ಕೆ ಹೊರದಿನ ಎಂದು ಹೆಸರು. ಹೊರದಿನಗಳಲ್ಲಿ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ, ಗಂಡ ಹೆಂಡತಿಯನ್ನು ಒಂದು ಲೋಟ ನೀರು ಕೇಳುವಂತೆಯೂ ಇಲ್ಲ. ಆಗ ಊರಿನ ಗಂಡಸರೆಲ್ಲ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುತ್ತಾ ನಿಂತಿರುತ್ತಾರೆ. ಕಾಲ ಎಷ್ಟು ಬದಲಾದರೂ ಅದೊಂದು ಬದಲಾಗಿಲ್ಲ. ಹೀಗೆ ನಿನಗೆ ಗೊತ್ತಿಲ್ಲದ ಮಾತುಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ. ಕ್ಷಮಿಸು, ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ನಾನು ನಿನ್ನ ಮಗಳು ಸುನಂದಳ ಮರಿಮೊಮ್ಮಗಳು. ನನಗೀಗ ಎಪ್ಪತ್ತು ದಾಟಿದೆ. ಈ ಪತ್ರ ಸಿಗುವ ಹೊತ್ತಿಗೆ ನಿನಗೆ ಮೂವತ್ತೈದೋ ಮೂವತ್ತಾರೋ. ನನ್ನ ಅರ್ಧ ವಯಸ್ಸಿನವಳನ್ನು ಅಜ್ಜಿ ಎನ್ನಬೇಕಾಗಿದೆ, ಏನು ಮಾಡುವುದು. ನಿನ್ನ ಮುಖ ನನಗೆ ಗೊತ್ತಿರುವುದು ರೇಷನ್ ಕಾರ್ಡಿನ ಫೋಟೊದಿಂದ. ಅದನ್ನು ನಮ್ಮ ಮನೆಯಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ನನ್ನ ಮೊಮ್ಮಕ್ಕಳು ಅದು ಸರ್ಕಾರ ನಿನಗೆ ಕೊಟ್ಟ ಪ್ರಶಸ್ತಿ ಎಂದು ತಿಳಿದಿದ್ದವು. ಬಡವರಿಗೆ ಕೊಡುವ ಕಾರ್ಡು ಎಂದು ತಿಳಿಸಿ ಹೇಳಿದೆ. ಚಿಕ್ಕವಳು, "ಬಡವರು ಅಂದ್ರೆ ಏನು ಕೆಲಸ ಮಾಡೋರು?" ಎಂದು ಕೇಳಿದಳು. ಎಲ್ಲ ಕೆಲಸವನ್ನೂ ಅವರೇ ಮಾಡುತ್ತಿದ್ದರು ಕಣೇ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗದಿದ್ದುದೇ ಒಳ್ಳೆಯದಾಯಿತು ಎಂದು ನಾನು ಮುಂದೆ ವಿವರಿಸಲಿಲ್ಲ.

ನನ್ನ ಬರವಣಿಗೆಯ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೋ. ಶಾಲೆ ಇತ್ತು, ಮೇಷ್ಟ್ರೂ ಒಳ್ಳೆಯವರೇ. ನಾನೇ ತಪ್ಪಿಸಿಕೊಂಡು ಮಂಡಕ್ಕಿ ಭಟ್ಟಿಯ ಮುಂದೆ ಹೋಗಿ ಕೂರುತ್ತಿದ್ದೆ. ಅಕ್ಷರಗಳನ್ನು ಆಮೇಲೆ ಅಂಗಡಿ ಬೋರ್ಡುಗಳನ್ನು ನೋಡಿ ನೋಡಿ ಕೂಡಿಸಿಕೊಂಡೆ. ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತು. ಸುನಂದ ಈಗ ಏಳನೆಯ ಕ್ಲಾಸಿನಲ್ಲಿರಬೇಕು, ಅವಳ ಕೈಲಿ ಓದಿಸು. ಗಟ್ಟಿಯಾಗಿ ಓದಲಿ.

ನೀನು ಬೆಳಿಗ್ಗೆ ಬುತ್ತಿ ಹಿಡಿದು ಕೂಲಿಗಾಗಿ ನಿಲ್ಲುತ್ತೀಯಲ್ಲ, ಆ ಸರ್ಕಲ್ ಇನ್ನೂ ಇದೆ. ಮೂಲೆ ಒಡೆದ ಆ ಕಲ್ಲುಬೆಂಚೂ ಇದೆ. ಅದರ ಬಿರುಕಿನಲ್ಲೇ ಈ ಪತ್ರ ಇಡುತ್ತೇನೆ. ಹಿಂದಿನ ಕಾಲಕ್ಕೆ ಹೋಗುವ ಟಪಾಲು ನಮ್ಮಲ್ಲೂ ಇಲ್ಲ. ಆದರೆ ಒಂದೇ ಕಲ್ಲಿನ ಮೇಲೆ ಇಬ್ಬರೂ ಕೂತವರು, ಅಷ್ಟು ನಂಟು ಸಾಕು ಎಂದುಕೊಂಡಿದ್ದೇನೆ.

ಆ ಜಾಗಕ್ಕೆ ಈಗ ಕೇಳುಗಟ್ಟೆ ಎಂದು ಹೆಸರು. ನಿನ್ನ ಕಾಲದಲ್ಲಿ ಅಲ್ಲಿ ಕೆಲಸ ಬೇಕಾದವರು ಸಾಲಾಗಿ ನಿಲ್ಲುತ್ತಾರೆ, ಮೇಸ್ತ್ರಿ ಗಾಡಿಯಲ್ಲಿ ಬಂದು ತೋಳು ತೊಡೆ ನೋಡಿ ಆರಿಸಿಕೊಂಡು ಹೋಗುತ್ತಾನೆ. ನಮ್ಮಲ್ಲಿ ಸಂತೆಯ ದಿನ ಕೆಲಸ ಕೊಡುವವರು ಸಾಲಾಗಿ ನಿಲ್ಲುತ್ತೇವೆ. ಮಾಡುವವರು ಆರಾಮಾಗಿ ಎದ್ದು, ತಿಂಡಿ ತಿಂದು, ಎಲೆಡಿಕೆ ಹಾಕಿಕೊಂಡು ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಾವು ಟೀ ಮಾಡಿಟ್ಟುಕೊಂಡಿರಬೇಕು. ಟೀ ನೀರಾಗಿದ್ದರೆ ಮುಂದಿನ ಮಾತೇ ಇಲ್ಲ. ಕೆಲಸ ಎಷ್ಟು ಹೊತ್ತು, ನೆರಳಿದೆಯೋ ಇಲ್ಲವೋ, ಕುಡಿಯುವ ನೀರೆಲ್ಲಿ, ಪಾಯಿಖಾನೆ ಎಲ್ಲಿ, ಯಜಮಾನನಿಗೆ ಸಿಟ್ಟು ಬಂದರೆ ಹೇಗಾಡುತ್ತಾನೆ, ಎಲ್ಲವನ್ನೂ ಕೇಳುತ್ತಾರೆ. ಇದೆಲ್ಲ ಹೇಗೆ ಶುರುವಾಯಿತು ಎಂದರೆ, ಒಂದು ದಿನ ಆ ಸರ್ಕಲ್ಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಗಾಡಿ ಹತ್ತುವ ಮೊದಲು, "ಅಲ್ಲಿ ಪಾಯಿಖಾನೆ ಐತೇನ್ರಿ?" ಎಂದು ಕೇಳಿದಳಂತೆ. ಮಿಕ್ಕವರೂ ಹತ್ತದೆ ನಿಂತರಂತೆ. ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಊರಿನ ಪ್ರತಿ ಮನೆಯವರೂ ನಮ್ಮಜ್ಜಿಯೇ ಎನ್ನುತ್ತಾರೆ. ನಾನೂ ಎನ್ನುತ್ತೇನೆ.

ಹೊಟ್ಟೆಯ ಚಿಂತೆ ಇಲ್ಲದ್ದರಿಂದ ಕೆಲಸ ಬೇಡ ಎನ್ನುವ ಧೈರ್ಯ ಬಂದಿದೆ. ಊರಿನ ಯಂತ್ರಗಳು ದುಡಿದದ್ದರಲ್ಲಿ ಹುಟ್ಟಿದ ಮಗುವಿನಿಂದ ಹಿಡಿದು ಎಲ್ಲರಿಗೂ ತಿಂಗಳಿಗೊಮ್ಮೆ ಒಂದು ಪಾಲು ಬರುತ್ತದೆ, ಅದು ಊರಪಾಲು. ಅಕ್ಕಿ, ಎಣ್ಣೆ, ಬಾಡಿಗೆ, ಔಷಧಿಗೆ ಅದು ಸಾಕು. ಹಬ್ಬಕ್ಕೆ ಸೀರೆ, ಮಗಳ ಊರಿಗೆ ಹೋಗಿಬರುವುದು, ಹಟಕ್ಕೆ ಬಿದ್ದು ಮನೆಗೆ ಎರಡನೆಯ ಸಲ ಬಣ್ಣ ಹೊಡೆಸುವುದು, ಇವಕ್ಕೆ ದುಡಿಯಬೇಕು. ಎಲ್ಲರೂ ದುಡಿಯುತ್ತಾರೆ. ಸುಮ್ಮನೆ ಕೂರುವುದು ಎಷ್ಟು ಬೇಸರದ್ದೆಂದು ಕೂತು ನೋಡಿದವರಿಗೇ ಗೊತ್ತು.

ಕೂಲಿಯ ಲೆಕ್ಕ ಕೇಳಿದರೆ ನೀನು ನಗುತ್ತೀಯ. ಅದಕ್ಕೆ ಬೆವರಳತೆ ಎನ್ನುತ್ತೇವೆ. ಯಾವ ಕೆಲಸದಲ್ಲಿ ಬೆವರು, ನಾತ, ಸೊಂಟನೋವು ಹೆಚ್ಚೋ ಅದಕ್ಕೆ ಕೂಲಿ ಹೆಚ್ಚು, ಹೊತ್ತು ಕಡಿಮೆ. ಚರಂಡಿ ಕೆಲಸಕ್ಕೆ ಎಲ್ಲಕ್ಕಿಂತ ಮೇಲು. ಅದನ್ನು ಮಾಡುವವರ ಹತ್ತಿರ ಯಾವ ಕೇರಿಯವರೆಂದು ಕೇಳುವವರು ಇವತ್ತು ಯಾರೂ ಇಲ್ಲ; ನಮಗೂ ಒಂದು ಸರದಿ ಸಿಗುತ್ತದೆಯೇ ಎಂದು ಕೇಳುವವರೇ ಎಲ್ಲ. ಎಲ್ಲಕ್ಕಿಂತ ಕಡಿಮೆ ಇರುವುದು ಫ್ಯಾನಿನ ಕೆಳಗೆ ಕೂತು ಸಹಿ ಹಾಕುವ ಕುರ್ಚಿ ಕೆಲಸಕ್ಕೆ. ನಮ್ಮ ನಗರಸಭೆಯ ಅಧ್ಯಕ್ಷರು ಪ್ರತಿ ಸಂತೆಯಲ್ಲೂ ಫ್ಲಾಸ್ಕಿನ ತುಂಬ ಏಲಕ್ಕಿ ಟೀ ಇಟ್ಟುಕೊಂಡು, ಹೋಗಿಬರುವವರನ್ನೆಲ್ಲ ಆ ಕುರ್ಚಿಗೆ ಕರೆಯುತ್ತಿರುತ್ತಾರೆ. ಜನ ಟೀ ಕುಡಿದು ಮುಂದಕ್ಕೆ ಹೋಗುತ್ತಾರೆ.

ಇನ್ನು ನನ್ನ ಕಥೆ. ಊರಿನಲ್ಲಿ ಕೈಯಲ್ಲಿ ಹುರಿಯುವ ಮಂಡಕ್ಕಿ ಭಟ್ಟಿ ಉಳಿದಿರುವುದು ನನ್ನದೊಂದೇ. ಹೊಗೆ ಇಲ್ಲ ಈಗ. ಬಿಸಿಲಿನ ಕಾವನ್ನು ಹಿಡಿದಿಟ್ಟುಕೊಳ್ಳುವ ಬಿಸಿಲುಗಲ್ಲು ಎಂಬುದೊಂದಿದೆ, ಅದರ ಮೇಲೆ ಬಾಣಲೆ. ಮರಳು ಮಾತ್ರ ನಿನ್ನ ಕಾಲದ್ದೇ ಮರಳು. ಯಂತ್ರವೂ ಮಂಡಕ್ಕಿ ಮಾಡುತ್ತದೆ. ಆದರೆ ಅದು ಬಾಯಲ್ಲಿ ಹತ್ತಿಯ ಹಾಗೆ. ಒಗ್ಗರಣೆ ಬಿದ್ದರೆ ಮುದುಡಿಕೊಳ್ಳುತ್ತದೆ, ಮಿರ್ಚಿಯ ಜೊತೆ ನಿಲ್ಲುವುದಿಲ್ಲ. ಭಟ್ಟಿಗೆ ಇಬ್ಬರು ಬೇಕು, ಒಬ್ಬರು ಕಾದ ಮರಳಿನಲ್ಲಿ ಅಕ್ಕಿ ಕಲಕಲು, ಒಬ್ಬರು ಜರಡಿ ಹಿಡಿಯಲು. ಇಷ್ಟು ವರ್ಷ ಜೊತೆಗಿದ್ದ ಬಸಮ್ಮ ಮಂಡಿನೋವೆಂದು ಹರಿಹರದ ಮಗಳ ಮನೆ ಸೇರಿದಳು. ನನ್ನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ನಮ್ಮಲ್ಲಿ ಮೂರು ಸಂತೆ ನಿಂತರೂ ಯಾರೂ ಒಪ್ಪದ ಕೆಲಸಕ್ಕೆ ಮುಗಿದ ಕೆಲಸ ಎನ್ನುತ್ತಾರೆ. ಆಮೇಲೆ ನಗರಸಭೆಯವರು ಒಲೆ ಕಿತ್ತು ಅಲ್ಲೊಂದು ಗಿಡ ನೆಡುತ್ತಾರೆ. ಗಿಡ ನೆಡಲು ಹಾರ ಹಿಡಿದುಕೊಂಡು ಬೇರೆ ಬರುತ್ತಾರೆ, ಅದೇ ನನಗೆ ಹೆಚ್ಚು ಹೆದರಿಕೆ.

ಮೊದಲ ಸಂತೆಯಲ್ಲಿ ನಿಂತೆ. ಯಾರೂ ಬರಲಿಲ್ಲ. ಬೆವರಳತೆ ಕಡಿಮೆ ಇರುವುದಕ್ಕೇ ಹೀಗೆ ಎಂದುಕೊಂಡು ಅಳೆಯುವವರನ್ನು ಭಟ್ಟಿಗೆ ಕರೆಸಿ, ಕಾವಿನ ಮುಂದೆ ಕೂರಿಸಿ, ಅವರ ಅಂಗಿ ತೊಯ್ಯುವವರೆಗೂ ಕಷ್ಟ ಹೇಳಿಕೊಂಡೆ. ಪಾಪ, ಏರಿಸಿಕೊಟ್ಟರು. ಎರಡನೆಯ ಸಂತೆಗೆ ನಾನು ಹಿಡಿದ ಬೋರ್ಡಿನ ಅಳತೆ, ಪಕ್ಕದಲ್ಲಿ ಚರಂಡಿ ಕೆಲಸಕ್ಕೆ ಜನ ಕರೆಯುತ್ತಿದ್ದ ಕೊಟ್ರೇಶಿಯದಕ್ಕಿಂತ ಮೇಲಿತ್ತು. ಜನ ದೂರದಿಂದಲೇ ಓದಿ, ದಾರಿ ಬದಲಿಸಿ ಹೋದರು.

"ಚರಂಡಿಗಿಂತ ಜಾಸ್ತಿ ಐತಲ್ಲೇ, ಅಂಥದ್ದು ಆ ಬಾಣಲಿಯಾಗೆ ಏನೈತೋ ಏನೋ" ಎಂದು ಒಬ್ಬಳು ಗೆಳತಿಯ ಸೆರಗು ಹಿಡಿದು ಎಳೆದುಕೊಂಡು ಹೋದಳು.

ಕೊಟ್ರೇಶಿಗೆ ನಗು ತಡೆಯಲಾಗಲಿಲ್ಲ. "ಹಾಲಮ್ಮಕ್ಕ, ನನ್ ಕೆಲಸದ ಮರ್ವಾದಿ ತೆಗೆದಿಯಲ್ಲ! ಊರಿಗೆಲ್ಲ ಹೊಲಸು ಅಂದ್ರೆ ನಂದೇ ಅಂತ ಹೆಮ್ಮೆಯಿಂದ ಇದ್ದೆ."

ಸಾಯಂಕಾಲದವರೆಗೂ ನಿನ್ನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಟೀ ಆರಿಹೋಗಿತ್ತು. ಅಜ್ಜಿ, ಯಾರಾದರೂ ಆರಿಸಿಕೊಳ್ಳಲಿ ಎಂದು ನಿಂತು, ಯಾರ ಕಣ್ಣಿಗೂ ಬೀಳದೆ ಹೋಗುವುದು ಹೇಗಿರುತ್ತದೆಂದು ಅವತ್ತು ಗೊತ್ತಾಯಿತು. ಆದರೆ ನನ್ನ ಹೊಟ್ಟೆ ತುಂಬಿತ್ತು, ನಿನ್ನದು ಖಾಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ದಡ್ಡಿ ನಾನಲ್ಲ.

ಮೂರನೆಯ ಸಂತೆ ನಿನ್ನೆ. ಬೋರ್ಡು ಮನೆಯಲ್ಲೇ ಬಿಟ್ಟೆ. ಕೈಗಾಡಿಯಲ್ಲಿ ಚಿಕ್ಕ ಬಾಣಲೆ, ಬಿಸಿಲುಗಲ್ಲು, ಮರಳು, ಉಪ್ಪುನೀರು ಹಾಕಿದ ಅಕ್ಕಿ ಹೇರಿಕೊಂಡು ಬಂದು ಕಟ್ಟೆಯ ನಡುವೆ ಒಲೆ ಹೂಡಿದೆ. ಇಲ್ಲಿ ನಮ್ಮ ಇನ್ನೊಂದು ಪದ್ಧತಿ ಹೇಳಬೇಕು. ಕೆಲಸ ಕೊಡುವವರು ಮೊದಲು ಒಂದು ಗಂಟೆ ಆ ಕೆಲಸವನ್ನು ತಾವೇ ಮಾಡಿ ತೋರಿಸಬೇಕು, ಕೇಳಲು ಬಂದವರು ಕೂತು ನೋಡಬೇಕು. ಅದಕ್ಕೆ ತೋರುಗಂಟೆ ಎನ್ನುತ್ತೇವೆ. ತಾನು ಮಾಡಲಾರದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ನೋಡುತ್ತಿರುವವರು ಆ ಹೊತ್ತಿನಲ್ಲಿ ಹತ್ಯಾರ ಮುಟ್ಟಬಾರದು. ಮುಟ್ಟಿದರೆ ಕೆಲಸ ಒಪ್ಪಿಕೊಂಡ ಹಾಗೆ. ಮಕ್ಕಳಿಗೂ ಈ ನಿಯಮ ಗೊತ್ತು, ಹಾಗಾಗಿ ಕೇಳುಗಟ್ಟೆಯಲ್ಲಿ ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಾರೆ.

ಒಂದು ಗಂಟೆ ನನ್ನ ಕೈ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಡಗೈಯಲ್ಲಿ ಶುರು ಮಾಡಿದೆ. ಮೊದಲ ಹಿಡಿ ಅಕ್ಕಿ ಬಿದ್ದದ್ದೇ ತಡ, ಚಟಪಟ ಎಂದು ಮಲ್ಲಿಗೆಯ ಹಾಗೆ ಅರಳಿ ಮೇಲೆ ಬಂತು. ಆ ವಾಸನೆಗೆ ಕೊಟ್ರೇಶಿಯ ಸಾಲು ಒಡೆದು ಅರ್ಧ ಜನ ನನ್ನ ಸುತ್ತ ನೆರೆದರು. "ಏ, ಇದು ನಮ್ಮಜ್ಜಿ ಮನಿ ವಾಸ್ನಿ ಕಣೋ" ಎಂದ ಒಬ್ಬ. ಎಲ್ಲರೂ ತಿಂದರು, ಎಲ್ಲರೂ ಹೊಗಳಿದರು, ಯಾರೂ ಕೆಲಸ ಕೇಳಲಿಲ್ಲ.

ಮುಂದಿನ ಸಾಲಿನಲ್ಲಿ ಜೈನಾಬಿ ಎಂಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು, ಬಾಷಾ ನಗರದವಳು. ಚರಂಡಿ ಕೆಲಸ ಹಿಡಿಯಲೆಂದೇ ಬಂದವಳು, ಕೈ ಹಿಂದೆ ಕಟ್ಟಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನನ್ನ ಎಡಗೈಯೂ ಹಿಡಿದುಕೊಂಡಿತು. ಕಲಕುವ ಕೋಲು ಮರಳಿನಲ್ಲಿ ನಿಂತುಬಿಟ್ಟಿತು. ಬಾಣಲೆಯಲ್ಲಿ ಅಕ್ಕಿ ಕೆಂಪಾಗತೊಡಗಿತು.

"ಖಾಲಾ, ಕಲಕ್ರಿ," ಎಂದಳು ಜೈನಾಬಿ, ಚಿಕ್ಕಮ್ಮನನ್ನು ಕರೆಯುವ ಹಾಗೆ.

"ಕಲಕ್ತೀನವ್ವ, ಸ್ವಲ್ಪ ತಡಿ."

"ಸೀಯಕತ್ತೈತ್ರಿ!"

"ಕಣ್ಣು ನಂಗೂ ಐತಿ."

"ಕಣ್ಣಿದ್ರೆ ಏನ್ ಬಂತ್ರಿ, ಕೈ ಆಡಬೇಕಲ್ಲ! ಅಯ್ಯೋ ಅಲ್ಲಾ, ಅನ್ನದ ಅಕ್ಕಿರಿ ಅದು, ಹಂಗಾ ಸುಡ್ತಾರೇನು!"

ಅಷ್ಟೇ. ನನ್ನನ್ನು ಪಕ್ಕಕ್ಕೆ ಸರಿಸಿ, ಕೋಲು ಕಿತ್ತುಕೊಂಡು, ಗರಗರನೆ ಕಲಕಿ, ಇನ್ನೊಂದು ಕೈಯಲ್ಲಿ ಜರಡಿ ಎಳೆದು ಮಂಡಕ್ಕಿಯನ್ನು ಮೇಲೆತ್ತಿಬಿಟ್ಟಳು. ತಳದಲ್ಲಿ ಒಂದಿಷ್ಟು ಮಾತ್ರ ಕಂದಿತ್ತು. ಜರಡಿ ಕೆಳಗಿಟ್ಟು ತಲೆ ಎತ್ತಿದಳು. ಇಡೀ ಕೇಳುಗಟ್ಟೆ ಅವಳನ್ನೇ ನೋಡುತ್ತಿತ್ತು. ಕೈಯಲ್ಲಿದ್ದ ಕೋಲು ನೋಡಿಕೊಂಡಳು. "ಯಾ ಅಲ್ಲಾ... ಮುಟ್ಟಿಬಿಟ್ನಲ್ರಿ."

ನಕ್ಕರು ನೋಡು ಜನ! ಅಧ್ಯಕ್ಷರು ಫ್ಲಾಸ್ಕ್ ಬಿಟ್ಟು ಓಡಿಬಂದು ಚಪ್ಪಾಳೆ ತಟ್ಟಿದರು. "ಮುಟ್ಟಿದ್ಲು, ಮುಟ್ಟಿದ್ಲು! ನನ್ ಗಿರಾಕಿನೇ ಹಾರಿಸ್ಕೊಂಡಿಯಲ್ಲ, ಹಾಲಮ್ಮಕ್ಕ!" ಎಂದು ಕೊಟ್ರೇಶಿ ಕೂಗಿದ.

ಕೈತಪ್ಪಿ ಆದದ್ದು, ಬೇಡವಾದರೆ ಬಿಡವ್ವ, ನಾನು ಹಿಡಿದಿಟ್ಟುಕೊಳ್ಳುವುದಿಲ್ಲ ಎಂದೆ. ಅವಳು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಗಿದಳು. "ಉಪ್ಪು ಕಮ್ಮಿ ಆಗೈತಿ," ಎಂದಳು. "ನಾಳೆಯಿಂದ ನಾನೇ ಹಾಕ್ತೀನಿ."

ಇವತ್ತು ಬೆಳಿಗ್ಗೆ ಬಂದವಳೇ ಭಟ್ಟಿಯನ್ನೆಲ್ಲ ಸುತ್ತಿ ನೋಡಿ, ಇಷ್ಟು ಸುಲಭದ ಕೆಲಸಕ್ಕೆ ಅಷ್ಟು ಬೆವರಳತೆ ಬರೆಸಿದ್ದೀರಿ, ನಾಚಿಕೆಯಾಗಬೇಕು ಎಂದು ನನ್ನನ್ನು ಬೈದಳು. ಮಧ್ಯಾಹ್ನದ ಹೊತ್ತಿಗೆ ಮುಖ ಒರೆಸಿಕೊಳ್ಳುತ್ತಾ, "ಇರ್ಲಿ ಬಿಡ್ರಿ ಖಾಲಾ, ಇನ್ನೊಂದು ಸ್ವಲ್ಪ ಏರಿಸ್ಬೋದಿತ್ತು" ಎಂದಳು. ಈಗ ಅವಳು ಕಲಕುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಗಿಡ ನೆಡಲೆಂದು ನಗರಸಭೆಯವರು ಆಗಲೇ ತಂದಿದ್ದ ಹಾರವನ್ನು ವಾಪಸು ಕೊಂಡೊಯ್ಯುವುದು ಬೇಡವೆಂದು ಅವಳ ಕೊರಳಿಗೇ ಹಾಕಿಸಿದೆ.

ಅಜ್ಜಿ, ಈಗ ಒಂದು ಕೋರಿಕೆ. ಕೆಲಸ ಸಿಗದ ದಿನ ನೀನು ನೇರ ಮನೆಗೆ ಹೋಗುವುದಿಲ್ಲ. ಮಕ್ಕಳಿಗೆ ಗೊತ್ತಾಗಬಾರದೆಂದು ಕತ್ತಲಾಗುವವರೆಗೂ ಪಾರ್ಕಿನ ಬೇವಿನ ಮರದ ಕೆಳಗೆ, ಬುತ್ತಿ ಬಿಚ್ಚದೆ, ಕೂತಿರುತ್ತೀಯ. ಆಮೇಲೆ ಕೈಕಾಲಿಗೆ ಒಂದಿಷ್ಟು ಮಣ್ಣು ಸವರಿಕೊಂಡು, ದಣಿದವಳ ಹಾಗೆ ಮನೆಗೆ ಬರುತ್ತೀಯ. ಇದು ನನಗೆ ಹೇಗೆ ಗೊತ್ತೆಂದರೆ, ಸುನಂದ ತನ್ನ ಮಗಳಿಗೆ ಹೇಳಿದಳು, ಅವಳು ತನ್ನ ಮಗಳಿಗೆ, ಅವಳು ನನಗೆ. ಶಾಲೆಯಿಂದ ಬರುವಾಗ ಸುನಂದ ನಿನ್ನನ್ನು ನೋಡಿದ್ದಾಳೆ. ನೀನು ಬೇಜಾರು ಮಾಡಿಕೊಳ್ಳಬಾರದೆಂದು ನೋಡಲಿಲ್ಲ ಎನ್ನುವ ಹಾಗೆ ಇದ್ದಾಳೆ.

ಇಷ್ಟು ಓದುವ ಹೊತ್ತಿಗೆ ಅವಳ ದನಿ ನಿಂತಿರಬೇಕು. ನಿಲ್ಲಲಿ. ಅವಸರ ಮಾಡಬೇಡ. ಹತ್ತಿರ ಕರೆದು ಕೂರಿಸಿಕೋ. ಮೇಸ್ತ್ರಿ ನಿನ್ನನ್ನು ಆರಿಸಲಿಲ್ಲ ಎನ್ನುವುದು ನಿನ್ನ ತಪ್ಪಲ್ಲ, ಅವಳಿಗದು ಆಗಲೇ ಗೊತ್ತು, ನಿನಗೇ ಗೊತ್ತಾಗಬೇಕಾಗಿರುವುದು. ನಾಳೆ ಗಾಡಿ ಬಂದರೆ ಹತ್ತುವ ಮೊದಲು ಏನಾದರೂ ಒಂದು ಕೇಳು. ಬಾರದಿದ್ದರೆ ಹಗಲಲ್ಲೇ ಮನೆಗೆ ಹೋಗು, ಕಾಲಿಗೆ ಮಣ್ಣಿಲ್ಲದೆ. ಶಾಲೆ ಬಿಟ್ಟು ಸುನಂದ ಬರುತ್ತಾಳೆ, ಬುತ್ತಿ ಬಿಚ್ಚಿ ಇಬ್ಬರೂ ಉಣ್ಣಿರಿ.

ಪತ್ರದ ಜೊತೆ ನಿನ್ನೆ ನಾನು ಹುರಿದ ಮಂಡಕ್ಕಿ ಕಟ್ಟಿ ಇಟ್ಟಿದ್ದೇನೆ, ಮೇಲೆ ಒಂದು ಹಿಡಿ ಉದುರಿಸಿಕೊಳ್ಳಿರಿ. ಉಪ್ಪು ಸಾಲದಿದ್ದರೆ ನನಗೆ ಬೈಯಿರಿ, ಜೈನಾಬಿಗಲ್ಲ.

ನಿನ್ನ
ಹಾಲಮ್ಮ