ನಮ್ಮ ಬೀದಿಯಲ್ಲಿ ಮಾತ್ರ ಆನೆ ಗೆದ್ದಿರಲಿಲ್ಲ

ಸಾನ್ ಪೆದ್ರೊ ದೆ ಮಕೋರಿಸ್
ನವೆಂಬರ್, ಭಾನುವಾರ

ನನ್ನ ಕಂದ ಫ್ರೆಮಿಯೊ,

ನೀನು ಹೋದ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಸತ್ತವರಿಗೆ ಕಾಗದ ಬರೆಯುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಈಗ ನಗುವವರು ನನ್ನನ್ನು ನೋಡಿ ನಗಲಿ. ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಮುಂದೆ ಓದಲು ತಾಳ್ಮೆ ಇರುವುದಿಲ್ಲ. ನಮ್ಮ ಎಸ್ಟ್ರೆಯಾಸ್ ಗೆದ್ದಿತು. ಹೋದ ಜನವರಿಯಲ್ಲಿ, ಲಾ ರೊಮಾನಾದ ಟೋರೋಸ್ ತಂಡವನ್ನು ಸೋಲಿಸಿ ಲೀಗಿನ ಪಟ್ಟವನ್ನೇ ಗೆದ್ದಿತು. ನಿಮ್ಮಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ಕಂಡಿದ್ದ ಗೆಲುವು ಐವತ್ತೊಂದು ವರ್ಷ ಕಳೆದು ಮತ್ತೆ ಊರಿಗೆ ಬಂತು. ಡೆಂಗಿ ಜ್ವರದಲ್ಲಿ ನೀನು ಕಣ್ಣು ಮುಚ್ಚಿ ಆಗ ಒಂದೂವರೆ ವರ್ಷವಾಗಿತ್ತು. ಅಷ್ಟು ದಿನ ತಡೆದುಕೊಳ್ಳಲು ನಿನಗೇನಾಗಿತ್ತು ಎಂದು ಈಗಲೂ ನಿನ್ನ ಮೇಲೆ ಸಿಟ್ಟು ಬರುತ್ತದೆ.

ಈ ಬೇಸ್‌ಬಾಲ್ ಆಟದ ಗಂಧಗಾಳಿಯೂ ನನಗಿರಲಿಲ್ಲ. ಕಲಿಸಿದವನು ನೀನು. ಶಾಲೆಗೆ ಹೋಗುವ ಮುಂಚೆ ತಿಂಡಿಯ ತಟ್ಟೆಯನ್ನೇ ಲೀಗು ಮಾಡಿಕೊಂಡು ಪಾಠ ಹೇಳುತ್ತಿದ್ದೆ. ಬೇಯಿಸಿ ಕುಟ್ಟಿದ ಹಸಿರು ಬಾಳೆಕಾಯಿ ನಾವು, ಆನೆಯ ಗುರುತಿನ ಎಸ್ಟ್ರೆಯಾಸ್. ಮೊಟ್ಟೆಯ ಹಳದಿ ಸಾಂತಿಯಾಗೊ ಊರಿನ ಆಗಿಲಾಸ್. ಹುರಿದ ಕೆಂಪು ಸಲಾಮಿ ಮಾಂಸದ ಬಿಲ್ಲೆ ರಾಜಧಾನಿಯ ಸಿಂಹಗಳು, ಎಸ್ಕೊಹಿಡೊ. ಹಿಂದಿನ ದಿನದ ಹುರುಳಿಸಾರು ಉತ್ತರದ ಹಿಗಾಂಟೆಸ್, ಕುಂಬಳಕಾಯಿ ಹೋಳು ಟೋರೋಸ್. ಉಳಿದದ್ದು ರಾಜಧಾನಿಯ ಇನ್ನೊಂದು ತಂಡ, ಎಸ್ಕೊಹಿಡೊ ಆಡುವ ಮೈದಾನದಲ್ಲೇ ಆಡುವ ನೀಲಿ ಹುಲಿಗಳು, ಲಿಸೆಯ್. ತಟ್ಟೆಯಲ್ಲಿ ನೀಲಿ ಎಲ್ಲಿ ಎಂದು ನಾನು ಕೇಳಿದರೆ, "ದೇವರು ನೀಲಿ ತಿಂಡಿ ಮಾಡಿಲ್ಲಮ್ಮ, ಅದಕ್ಕೇ ಲಿಸೆಯ್‌ನ ಯಾರ ಕೈಲೂ ತಿಂದು ಮುಗ್ಸಕ್ಕಾಗಲ್ಲ" ಅಂದಿದ್ದೆ. ಅಕ್ಟೋಬರಿನಲ್ಲಿ ಆರು ತಂಡ, ಕ್ರಿಸ್‌ಮಸ್ ಮುಗಿಯುವಷ್ಟರಲ್ಲಿ ನಾಲ್ಕು, ಜನವರಿಯ ಕೊನೆಗೆ ಎರಡು ಎಂದು ಒಂದೊಂದೇ ತುತ್ತು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಬಾಳೆಕಾಯಿ ಮಾತ್ರ ಕೊನೆಗೆ. ಅದು ತಣ್ಣಗಾಗಿರುತ್ತಿತ್ತು, ಬಿಸಿ ಇರುವಾಗಲೇ ತಿನ್ನು ಎಂದು ನಾನು ಬೈಯುತ್ತಿದ್ದೆ.

ಆಮೇಲೆ ನೀನು ಅದೇ ತಂಡ ಸೇರಿಕೊಂಡೆ. ಚೆಂಡೆಸೆಯುವ ಪಿಚರ್‌ಗಳು ಕಣಕ್ಕಿಳಿಯುವ ಮುಂಚೆ ತೋಳು ಪಳಗಿಸಿಕೊಳ್ಳುವಾಗ ಅವರ ಚೆಂಡು ಹಿಡಿಯುವ ಕೆಲಸ. ಮೈದಾನದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಡಿದದ್ದೇ ಹಿಡಿದದ್ದು. ಪಂದ್ಯದ ಒಂದು ಚೆಂಡೂ ನಿನ್ನ ಪಾಲಿಗೆ ಬರಲಿಲ್ಲ. ಆದರೂ ಹಸಿರು ಅಂಗಿ ಅಂಗಿಯೇ. ನಿಮ್ಮಪ್ಪ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಆಟ ನೋಡುವ ಬದಲು ಆ ಮೂಲೆಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತವರು ಅಲ್ಲೇನಿದೆ ಸೆಬೆರಿನೊ ಎಂದು ಕೇಳಿದರೆ, ತಂಡ ಅಲ್ಲೇ ತಯಾರಾಗೋದು ಎನ್ನುತ್ತಿದ್ದರಂತೆ.

ಲೋಕಕ್ಕೆಲ್ಲ ಆಟಗಾರರನ್ನು ಹೆತ್ತುಕೊಟ್ಟ ಊರು ನಮ್ಮದು, ಪಟ್ಟ ಮಾತ್ರ ಬೇರೆಯವರ ಮನೆಗೆ. ನಾವು ಸೋತು ಹೊರಬಿದ್ದ ಮಾರನೆಯ ದಿನವೇ ಗೆದ್ದ ತಂಡಗಳು ಬಂದು ನಮ್ಮ ಒಳ್ಳೊಳ್ಳೆಯ ಹುಡುಗರನ್ನು ಬಲಕ್ಕೆಂದು ಆರಿಸಿಕೊಂಡು ಹೋಗುತ್ತಿದ್ದವು. ನಿನ್ನೆ ಹಸಿರು ತೊಟ್ಟವನು ನಾಳೆ ಹಳದಿಯಲ್ಲಿ. ಲೀಗಿನ ಪದ್ಧತಿಯೇ ಅದು ಎಂದು ನೀನು ಸಮಾಧಾನ ಹೇಳಿದರೂ ನಿಮ್ಮಪ್ಪ ರೇಡಿಯೊಗೆ ಬೆನ್ನು ಹಾಕಿ ಕೂರುತ್ತಿದ್ದರು. ಆಗ ಸರಿಯಾಗಿ ಎದುರುಗಡೆಯ ಕ್ಷೌರದ ಅಂಗಡಿಯಿಂದ ಮಿರೊ ಬರುತ್ತಿದ್ದ. ಸಾಂತಿಯಾಗೊದಲ್ಲಿ ಹುಟ್ಟಿದವನು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದರೂ ಆಗಿಲಾಸ್ ಬಿಡದವನು. "ಏನ್ ಸೆಬೆರಿನೊ, ಜನವರಿ ಬಂತು, ನಿಮ್ಮಾನೆ ಮಂಡಿ ಊರ್ತಾ?" ಅನ್ನುತ್ತಿದ್ದ. "ಮುಂದಿನ್ವರ್ಷ ನೋಡ್ತಿರು, ನಿನ್ನ ತಲೆ ಮೇಲೇ ಕೂರ್ತದೆ" ಎಂದು ಇವರು. ನನ್ನ ಮದುವೆಯಾದ ವರ್ಷದಿಂದ ಇದೇ ಸಂಭಾಷಣೆ ಕೇಳಿದ್ದೇನೆ.

ನೀನು ಹೋದ ಮೇಲೆ ನಿಮ್ಮಪ್ಪನ ನೆನಪು ಕೈಕೊಡಲು ಶುರುವಾಯಿತು. ಮೊದಲು ಬೀಗದ ಕೈ, ಆಮೇಲೆ ಬೀದಿಯ ಹೆಸರು. ಹಳೆಯ ಪಂದ್ಯಗಳು ಮಾತ್ರ ಒಂದೂ ಅಳಿಸಿರಲಿಲ್ಲ. ಗೆದ್ದ ದಿನ ಊರಿಗೆ ಊರೇ ಹಸಿರಾಗಿ ಬೀದಿಗೆ ಬಂತು. ಇವರು ರೇಡಿಯೊ ತಬ್ಬಿಕೊಂಡು ಅತ್ತರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಹೋಗಿ, "ಡೊರ್ಕಾ, ಹುಡುಗ ಎಲ್ಲಿ? ಮೊದ್ಲು ಅವನಿಗೆ ಹೇಳ್ಬೇಕು" ಎಂದರು. ನಾನು ಸುಳ್ಳು ಹೇಳಲಾರದೆ ನಿಜ ಹೇಳಿದೆ. ಮಗ ಸತ್ತ ಸುದ್ದಿಯನ್ನು ಅವರು ಮೊದಲ ಸಲ ಕೇಳಿದವರ ಹಾಗೆ ಕೇಳಿದರು. ಹೊರಗೆ ಡೋಲು ಬಡಿಯುತ್ತಿತ್ತು, ಒಳಗೆ ನಮ್ಮ ಮನೆಯಲ್ಲಿ ಮತ್ತೆ ಸಾವಿನ ಮನೆಯ ಅಳು.

ಬೆಳಗಾಗುವಷ್ಟರಲ್ಲಿ ಅವರು ಎರಡನ್ನೂ ಮರೆತಿದ್ದರು. ಕಾಫಿ ಕುಡಿಯುತ್ತ ನಾವು ಈ ಸಲ ಏನಾದೆವು ಎಂದು ಕೇಳಿದರು. ಗೆದ್ದೆವು ಎಂದೆ. ಮತ್ತೆ ಅದೇ ಕುಣಿತ, ಮತ್ತೆ ಹುಡುಗ ಎಲ್ಲಿ, ಮತ್ತೆ ಅದೇ ಅಳು. ಮಾರನೆಯ ದಿನವೂ ಹಾಗೆಯೇ. ಬಂದರಿನ ಕೆಲಸಕ್ಕೆ ಹೋಗಿದ್ದಾನೆ ಎಂದು ಒಂದು ದಿನ ಸುಳ್ಳು ಹೇಳಿ ನೋಡಿದೆ. ಕತ್ತಲಾಗುವವರೆಗೆ ಹೊಸ್ತಿಲಲ್ಲೇ ಕೂತು ನಿನ್ನ ದಾರಿ ಕಾದರು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು. ಗೆಲುವಿನ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅದರ ಬೆನ್ನಿಗೇ ನಿನ್ನ ಹೆಸರು ಬರುತ್ತಿತ್ತು. ಗೆಲುವು ಗೊತ್ತಿಲ್ಲದ ದಿನ ನಿನ್ನ ಮಾತೇ ಬರುತ್ತಿರಲಿಲ್ಲ, ಮನೆ ತಣ್ಣಗಿರುತ್ತಿತ್ತು. ಬದುಕಿಡೀ ಕಾದದ್ದನ್ನು ನಾನೇ ಅವರಿಂದ ಬಚ್ಚಿಡಬೇಕಾಯಿತು.

ಒಂದು ಮಧ್ಯಾಹ್ನ ಮಿರೊನ ಅಂಗಡಿಗೆ ಹೋಗಿ, ಗೆದ್ದ ಸುದ್ದಿ ಇವರ ಕಿವಿಗೆ ಬೀಳದ ಹಾಗೆ ನೋಡಿಕೋ ಎಂದು ಬಾಯಿಬಿಟ್ಟು ಕೇಳಿಕೊಂಡೆ. ಅವನು ಕತ್ತರಿ ಕೆಳಗಿಟ್ಟು, ಹೊರಗೆ ಬಂದು, ನಮ್ಮ ಬೀದಿಯ ಹಸಿರು ಬಾವುಟಗಳನ್ನೆಲ್ಲ ಏಣಿ ಹಾಕಿ ತಾನೇ ಬಿಚ್ಚಿದ. ಇಷ್ಟು ವರ್ಷಕ್ಕೊಂದು ಸಲ ಕಟ್ಟಿದ ಬಾವುಟ, ಆದರೂ ಯಾರೂ ತಕರಾರು ಎತ್ತಲಿಲ್ಲ. ಸಂಜೆ ನಿಮ್ಮಪ್ಪನ ಮುಂದೆ ನಿಂತು, "ಏನ್ ಸೆಬೆರಿನೊ, ಈ ಸಲಾನೂ ಮಂಡಿ ಊರ್ತಲ್ಲಪ್ಪ ನಿಮ್ಮಾನೆ" ಎಂದ. ನಿಮ್ಮಪ್ಪ ಎಂದಿನಂತೆ ಮುಂದಿನ ವರ್ಷದ ಮಾತಾಡಿ ಖುಷಿಯಾಗಿ ಒಳಗೆ ಬಂದು ಊಟ ಮಾಡಿದರು. ಹೀಗೆಯೇ ಬೇಸಿಗೆ ಕಳೆಯಿತು. ಬೇರೆ ಬೀದಿಗಳಲ್ಲಿ ನಾವು ಚಾಂಪಿಯನ್ನರು, ನಮ್ಮ ಬೀದಿಯಲ್ಲಿ ಮಾತ್ರ ಸೋತವರು. ಅವರ ನಿದ್ದೆ ಕೆಡದಿದ್ದರೆ ಸಾಕು ಎಂದು ನಾನು ದೇವಮಾತೆಗೆ ದಿನಾ ಬೇಡಿಕೊಳ್ಳುತ್ತಿದ್ದೆ. ನಿನ್ನನ್ನು ಕೇಳದಿರಲಿ ಎಂದೂ ಬೇಡಿಕೊಂಡೆ, ಮಗನೇ.

ಅಕ್ಟೋಬರ್ ಬಂತು, ಹೊಸ ಆಟ ಶುರುವಾಯಿತು. ಅದೇ ತಿಂಗಳ ಕೊನೆಯ ಗುರುವಾರ ಮಿರೊನ ಅಂಗಡಿ ಮುಂದೆ ಡೊಮಿನೊ ಬಿಲ್ಲೆಯಾಟ ಆಡುತ್ತ ಒಬ್ಬ ಲಿಸೆಯ್‌ನವನು ಆಗಿಲಾಸ್ ತಂಡವನ್ನು ಬಾಯಿಗೆ ಬಂದಂತೆ ಹೀಯಾಳಿಸಿದ. ಮಿರೊಗೆ ಪಿತ್ತ ನೆತ್ತಿಗೇರಿತು. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದಾರೆ ಎಂಬುದನ್ನೂ ಮರೆತು, "ಬಾಯ್ಮುಚ್ಚೋ, ಹೋದ್ಸಲ ಎಸ್ಟ್ರೆಯಾಸ್ ಗೆದ್ದಾಗ ನಿಮ್ಮ ಹುಲಿ ಎಲ್ಲಿ ಮಲ್ಗಿತ್ತು?" ಎಂದುಬಿಟ್ಟ.

ನಾನು ಬಟ್ಟೆ ಒಣಹಾಕುತ್ತಿದ್ದವಳು ಅಲ್ಲೇ ನಿಂತೆ. ಆಟ ನಿಂತಿತು. ಮಿರೊ ನನ್ನ ಮುಖ ನೋಡಿದ. ನಿಮ್ಮಪ್ಪ ನಿಧಾನವಾಗಿ ಎದ್ದು ನಿಂತು, ಯಾರು ಗೆದ್ದರು ಎಂದು ಕೇಳಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನಾವೇ ಕಣ್ರೀ ಎಂದೆ. ಅವರು ಕೈತಟ್ಟಿದರು, ಮಿರೊನ ಬೋಳುತಲೆಗೆ ಮುತ್ತಿಟ್ಟರು, ಅಂಗಡಿ ಮುಂದೆ ಎರಡು ಹೆಜ್ಜೆ ಕುಣಿದರು. ನಾನು ಹೋಗಿ ಅವರ ತೋಳು ಹಿಡಿದುಕೊಂಡೆ. ಈಗ ಕೇಳುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಕುರ್ಚಿಯಲ್ಲಿ ಕೂತು, ಇನ್ನೊಂದು ಆಟ ಹಂಚಿ ಎಂದರು.

ಆಗಲೂ ಕೇಳಲಿಲ್ಲ. ಊಟ ಮಾಡುವಾಗಲೂ ಕೇಳಲಿಲ್ಲ. ಬೇಡ ಬೇಡವೆಂದು ಹರಕೆ ಹೊತ್ತವಳು ನಾನೇ, ತಡೆಯಲಾರದೆ ಬಾಯಿ ಬಿಟ್ಟವಳೂ ನಾನೇ. "ಏನ್ರೀ, ಗೆದ್ವಲ್ಲ, ಹುಡುಗನಿಗೆ ಹೇಳೋದ್ ಬೇಡ್ವಾ?"

ಅವರು ತಟ್ಟೆಯಿಂದ ತಲೆಯೆತ್ತಿ, ಹೊಸಬರ ಮನೆಗೆ ಊಟಕ್ಕೆ ಬಂದವರಷ್ಟು ಮರ್ಯಾದೆಯಿಂದ ಕೇಳಿದರು: "ಯಾವ ಹುಡುಗ?"

ಫ್ರೆಮಿಯೊ ಎಂದೆ. ಒಳ್ಳೇ ಹೆಸರು ಎಂದರು.

ಈಗ ನಮಗೆ ಯಾವ ತೊಂದರೆಯೂ ಇಲ್ಲ, ಮಗನೇ. ಬಾವುಟಗಳನ್ನು ಮತ್ತೆ ಕಟ್ಟಿದ್ದಾರೆ. ದಿನಾ ಬೆಳಗ್ಗೆ ಮಿರೊ ಬಂದು ನೀವು ಗೆದ್ದಿರಿ ಸೆಬೆರಿನೊ ಎನ್ನುತ್ತಾನೆ, ದಿನಾ ಅವರು ಹೊಸದಾಗಿ ಕುಣಿಯುತ್ತಾರೆ, ಬೀದಿಯವರೆಲ್ಲ ನಗುತ್ತಾರೆ. ನಾನು ಕಾಫಿ ಕೊಟ್ಟು ಒಳಗೆ ಬಂದುಬಿಡುತ್ತೇನೆ. ನಿನ್ನ ಹೆಸರು ಹೇಳಿ ಅವರು ಬಿಕ್ಕಿ ಬಿಕ್ಕಿ ಅಳುತ್ತಿದ್ದ ಆ ಬೆಳಗುಗಳು ಬೇಡವೆಂದೆನಲ್ಲ, ಅವುಗಳಲ್ಲಿ ಒಂದೇ ಒಂದು ತಿರುಗಿ ಸಿಕ್ಕರೂ ಈ ಪಟ್ಟವನ್ನು ಆಗಿಲಾಸ್‌ಗೇ ಕೊಟ್ಟುಬಿಡುತ್ತಿದ್ದೆ. ಆಗ ನಿನಗಾಗಿ ಅಳಲು ಮನೆಯಲ್ಲಿ ಇಬ್ಬರಿದ್ದೆವು.

ನೀನು ಎಲ್ಲಿಂದ ಬಂದರೂ ಹೊಸ್ತಿಲಲ್ಲೇ ನಿಂತು, ಆಶೀರ್ವಾದ ಮಾಡಮ್ಮ ಎಂದು ಕೇಳಿ ಒಳಗೆ ಕಾಲಿಡುತ್ತಿದ್ದೆ. ಈಗ ಕೇಳುವವರಿಲ್ಲ. ಕೇಳದಿದ್ದರೂ ಕೊಡುತ್ತಿದ್ದೇನೆ, ನನ್ನದೂ, ನಿಮ್ಮಪ್ಪನದೂ ಸೇರಿಸಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಕಂದ.

ನಿನ್ನನ್ನು ಮರೆಯದ ನಿನ್ನ ಅಮ್ಮ,
ಡೊರ್ಕಾ